ಕಾಪು ದಾಟಿದ ಮೇಲೆ

ಉಡುಪಿ, ಜೂನ್ 19, 2024, ಬುಧವಾರ

ಸಂಜೆಯಿಂದ ಕರೆಂಟಿಲ್ಲ. ಅಪ್ಪ ಚಾವಡಿಯಲ್ಲಿ ಕೂತು ಮಳೆ ನೋಡುತ್ತಿದ್ದರು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು. ಪಕ್ಕದ ಮನೆಯ ಹುಡುಗ ಬಂದವನು ಕೇಳಿದ, "ಅಜ್ಜ, ನೀವು ಬಸ್ಸಲ್ಲಿ ಕಂಡಕ್ಟರ್ ಅಲ್ವಾ? ಮಂಗಳೂರಿಗೆ ಹೋಗುವಾಗ ಯಾವ ಯಾವ ಊರು ಸಿಗ್ತದೆ?"

ಅಪ್ಪನ ಮುಖ ಅರಳಿತು. "ಉದ್ಯಾವರ, ಕಟಪಾಡಿ, ಪಾಂಗಾಳ, ಕಾಪು..."

ಅಲ್ಲಿಗೆ ನಿಂತಿತು. ಎಷ್ಟೋ ವರ್ಷ ದಿನಕ್ಕೆ ನಾಲ್ಕು ಸಲ ಕೂಗಿದ ಹೆಸರುಗಳು. "ಬಾಯಲ್ಲೇ ಉಂಟು ಮಾರಾಯ, ಬರುವುದಿಲ್ಲ," ಅಂದರು. ಹುಡುಗ ನನ್ನ ಮುಖ ನೋಡಿದ. ಮೊದಲಾಗಿದ್ದರೆ ನಾನೇ ಹೇಳಿಬಿಡುತ್ತಿದ್ದೆ. ಇವತ್ತು ಸ್ವಲ್ಪ ಹೊತ್ತು ಕಾದೆ. ಆಮೇಲೆ ಮೆಲ್ಲ "ಮೂ..." ಅಂದೆ, ಅಷ್ಟೇ.

"ಮೂಳೂರು! ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ, ಮುಲ್ಕಿ, ಹಳೆಯಂಗಡಿ, ಮುಕ್ಕ, ಸುರತ್ಕಲ್..." ಬಸ್ಸು ಕೂಳೂರು ಸಂಕ ದಾಟಿಯೇ ನಿಂತದ್ದು. ನನಗೆ ಅಳು ಬಂತು. ಒಳಗೆ ಹೋಗಿ ಸುಮ್ನೆ ಪಾತ್ರೆ ತೊಳೆದೆ.

ಡಾಕ್ಟರು ಹೋದ ತಿಂಗಳು ಹೇಳಿದ್ದು ಇದನ್ನೇ. ಐದು ಶಬ್ದ ಹೇಳಿಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದರು. ಅಪ್ಪನಿಗೆ ಎರಡೇ ಬಂತು. "ಒಂದು ಹೂವಿನ ಹೆಸರಿತ್ತು" ಅಂತ ಸುಳಿವು ಕೊಟ್ಟಾಗ ಮೂರನೆಯದೂ ಬಂತು. ಪಾರ್ಕಿನ್ಸನ್ಸ್‌ ಅನ್ನುವ ಈ ನಡುಕದ ಕಾಯಿಲೆಯ ಶುರುವಿನಲ್ಲಿ ಎಷ್ಟೋ ಜನರಿಗೆ ನೆನಪು ಅಳಿಸಿ ಹೋಗಿರುವುದಿಲ್ಲವಂತೆ, ಹುಡುಕಿ ತೆಗೆಯುವುದೇ ಕಷ್ಟ. ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾದರೆ ಕೈಕಾಲು ಮಾತ್ರ ಅಲ್ಲ, ಆ ಹುಡುಕಾಟವೂ ನಿಧಾನ. ಎಲ್ಲರಲ್ಲೂ ಹೀಗೇ ಅಂತಲ್ಲ, ನೋಡುತ್ತಾ ಇರಬೇಕು ಅಂದರು.

ಅತ್ತೆಗೆ ಇದು ಅರ್ಥವಾಗುವುದಿಲ್ಲ. "ನಡುಕದ ಕಾಯಿಲೆಗೆ ಮರೆವು ಎಂಥದು?" ಅಂತಾರೆ. ಅವರ ತಪ್ಪಲ್ಲ. 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಜೇಮ್ಸ್ ಪಾರ್ಕಿನ್ಸನ್ ಕೂಡ ಬುದ್ಧಿಗೆ ಏನೂ ಆಗುವುದಿಲ್ಲ ಅಂತಲೇ ಬರೆದಿದ್ದರಲ್ಲ.

ತಪ್ಪು ನನ್ನದು. ಮೂರು ತಿಂಗಳಿಂದ ದಿನಾ ಅಪ್ಪನಿಗೆ ಪರೀಕ್ಷೆ. "ನಿನ್ನೆ ಯಾರು ಬಂದಿದ್ರು, ಹೇಳಿ ನೋಡುವ." "ಬೆಳಿಗ್ಗೆ ಎಂಥ ತಿಂದ್ರಿ?" ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಅಪ್ಪ ಮಾತೇ ಕಮ್ಮಿ ಮಾಡಿದ್ದು ಕಾಯಿಲೆಯಿಂದಲೋ, ನನ್ನ ಹೆದರಿಕೆಯಿಂದಲೋ?

ಎಂಟು ಗಂಟೆಯ ಮಾತ್ರೆಗೆ ತಡವಾಯಿತು. ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು, ಮೀನು ಸಾರು ಬಿಸಿ ಮಾಡಿ ಇಟ್ಟಾಗಿತ್ತು. ಬಂಗುಡೆಯ ಪರಿಮಳ ಅಪ್ಪನಿಗೆ ಗೊತ್ತಾಗದೆ ಎಷ್ಟೋ ವರ್ಷವಾಯಿತು. ಕೈ ನಡುಗುವ ಮೊದಲೇ ಅದು ಹೋಗಿತ್ತು. ಆಗ ನಾವು ಶೀತ ಅಂದುಕೊಂಡಿದ್ದೆವು.

ಮಲಗುವಾಗ ಕರೆದರು. "ಪಾವಂಜೆ ಬಿಟ್ಟೆ ಮಗಳೇ. ಹಳೆಯಂಗಡಿ ಆದ ಮೇಲೆ."

ಹೌದು, ನಾನೂ ಗಮನಿಸಿರಲಿಲ್ಲ.

ಭಾನುವಾರ ದುಬೈಯಿಂದ ಅಣ್ಣನ ಫೋನ್ ಬರುತ್ತದೆ. ಪ್ರತಿ ಸಲ ಅವನು ಮೊದಲು ಕೇಳುವುದೇ "ಅಪ್ಪ, ನಾನು ಯಾರು ಹೇಳಿ?" ಅಂತ. ಅವನದ್ದೂ ಪ್ರೀತಿಯೇ. ಇನ್ನು ಹಾಗೆ ಕೇಳಬೇಡ ಅಂತ ಅವನಿಗೆ ಹೇಗೆ ಹೇಳಲಿ?