ಪ್ಲೇಟ್‌ಗೆ ಹೊರಟಿದ್ದ ಪುಟ ಮತ್ತು ಕಿಯೆರ್ಜಿಯ ಆಜ್ಞೆ

ಮಧ್ಯಯುಗದ ಯುರೋಪಿನ ಪದವಿ ಪಠ್ಯದ ಕೊನೆಯ ಪ್ರೂಫ್ ಮುಗಿದು, ಫಾರಂ ಪ್ಲೇಟ್‌ಗೆ ಹೋಗುವ ಹೊತ್ತಿನಲ್ಲಿ, ಫ್ರಾಂಕರನ್ನು ಆಳಿದ ಕರೋಲಿಂಜಿಯನ್ ರಾಜವಂಶದ ಅಧ್ಯಾಯದ ಬಾಕ್ಸ್‌ನಲ್ಲಿದ್ದ ಒಂದು ವಾಕ್ಯ ನನ್ನ ಕಣ್ಣಿಗೆ ಬಿತ್ತು: "877ರಲ್ಲಿ ಬೋಳುತಲೆಯ ಚಾರ್ಲ್ಸನು ಕೌಂಟ್ ಪದವಿಯನ್ನು ವಂಶಪಾರಂಪರ್ಯಗೊಳಿಸಿದನು." ಕೌಂಟ್ ಎಂದರೆ ದೊರೆಯ ಪರವಾಗಿ ಒಂದು ಪ್ರಾಂತ್ಯವನ್ನು ನೋಡಿಕೊಳ್ಳುವ ಅಧಿಕಾರಿ. ಈ ವಾಕ್ಯವನ್ನು ಹೀಗೇ ಬಿಡಲಾಗದು ಎಂದೆ. ಪ್ರೆಸ್‌ನಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. "ಎಲ್ಲ ಗೈಡ್‌ಗಳಲ್ಲೂ ಹಾಗೆಯೇ ಇದೆಯಲ್ಲ, ಮೇಡಂ" ಎಂದರು ಹಿರಿಯ ಸಂಪಾದಕರು. ಒಂದು ಸಾಲು ಹೆಚ್ಚಾದರೂ ಮುಂದಿನ ಪುಟಗಳೆಲ್ಲ ಸರಿಯುತ್ತವೆ ಎಂದು ಡಿಟಿಪಿಯವರು ಕೈ ಕಟ್ಟಿ ಕುಳಿತರು.

ಆ ವಾಕ್ಯಕ್ಕೆ ಮೂಲ, ಪಶ್ಚಿಮ ಫ್ರಾಂಕರ ದೊರೆ ಚಾರ್ಲ್ಸ್ ಉತ್ತರ ಫ್ರಾನ್ಸಿನ ಕಿಯೆರ್ಜಿಯಲ್ಲಿ ಹೊರಡಿಸಿದ ಆಜ್ಞೆ. ಅದು ಇಟಲಿಯ ದಂಡಯಾತ್ರೆಗೆ ಹೊರಟಿದ್ದ ದೊರೆ ತಾನಿಲ್ಲದ ಅವಧಿಗೆಂದು ಮಾಡಿದ ಏರ್ಪಾಡು. ಒಬ್ಬ ಕೌಂಟನ ಮಗ ದೊರೆಯೊಂದಿಗೆ ದಂಡಯಾತ್ರೆಯಲ್ಲಿದ್ದಾಗ ಆ ಕೌಂಟ್ ಊರಿನಲ್ಲಿ ತೀರಿಕೊಂಡರೆ, ಬಂಧುಗಳೂ ಅಧಿಕಾರಿಗಳೂ ಬಿಷಪ್ಪರೂ ಸೇರಿ ಆಡಳಿತ ನೋಡಿಕೊಳ್ಳಬೇಕು, ಸುದ್ದಿ ತಲುಪಿದ ಮೇಲೆ ದೊರೆಯೇ ಆ ಮಗನಿಗೆ ಪದವಿ ಕೊಡುತ್ತಾನೆ ಎಂಬುದು ಅದರ ಸಾರ. ಮಗನಿಲ್ಲದ ಕಡೆ ಪದವಿಯನ್ನು ಬೇರೊಬ್ಬನಿಗೆ ಕೊಟ್ಟರೆ, ಅಲ್ಲಿಯವರೆಗೆ ನೋಡಿಕೊಂಡವನು ಸಿಟ್ಟಾಗಬಾರದೆಂದೂ ಅದರಲ್ಲಿದೆ. ಮಗನಿಗೆ ಸಿಗುವುದು ರೂಢಿಯಾಗಿತ್ತು ಎಂಬುದು ನಿಜ. ಆದರೆ ಕೊಡುವ ಕೈ ದೊರೆಯದೇ ಆಗಿತ್ತು. ಕಿತ್ತುಕೊಳ್ಳುವ ಕೈಯೂ ದೊರೆಯದೇ: 828ರಲ್ಲಿ, ಚಾರ್ಲ್ಸನ ತಂದೆ ಲೂಯಿಯ ಕಾಲದಲ್ಲಿ, ಟೂರ್‌ನ ಕೌಂಟ್ ಹ್ಯೂ ಮತ್ತು ಓರ್ಲಿಯನ್ಸ್‌ನ ಕೌಂಟ್ ಮ್ಯಾಟ್‌ಫ್ರಿಡ್ ಇಬ್ಬರೂ ಪದವಿ ಕಳೆದುಕೊಂಡರು, ಹ್ಯೂ ಲೂಯಿಯ ಮಗನೂ ಸಹಚಕ್ರವರ್ತಿಯೂ ಆದ ಲೋಥಾರನಿಗೆ ಹೆಣ್ಣು ಕೊಟ್ಟ ಮಾವನಾಗಿದ್ದರೂ ಸಹ.

ಕೊನೆಗೆ ಅಷ್ಟೇ ಸಾಲುಗಳಲ್ಲಿ, "ಕೌಂಟ್ ಪದವಿ ಮಗನಿಗೆ ಹೋಗುವ ರೂಢಿಯನ್ನು ದೊರೆ ಒಪ್ಪಿಕೊಂಡನು, ನೇಮಕದ ಹಕ್ಕನ್ನು ಬಿಟ್ಟುಕೊಡಲಿಲ್ಲ" ಎಂದು ಬರೆದುಕೊಟ್ಟೆ. ಪುಟ ಸರಿಯಲಿಲ್ಲ. ಗೈಡ್‌ಗಳನ್ನು ಆಧಾರವೆಂದು ಯಾರೂ ತೋರಿಸಕೂಡದು ಎಂದು ಅಂದಿನಿಂದ ನಮ್ಮ ವಿಭಾಗದಲ್ಲಿ ಪಟ್ಟು ಹಿಡಿದಿದ್ದೇನೆ.

ಇಷ್ಟಾದರೂ ಆಡಳಿತದವರು ಕೊಡಿಸಿದ ಟೆಂಪ್ಲೇಟ್ ಬದಲಾಗಿಲ್ಲ. ಅದರ ಕೋಷ್ಟಕದಲ್ಲಿ "ವಂಶದ ಹೆಸರು", "ಉತ್ತರಾಧಿಕಾರಿ" ಎಂಬ ಅಂಕಣಗಳನ್ನು ಖಾಲಿ ಬಿಡುವಂತಿಲ್ಲ. ಆ ಕಾಲದ ಕುಲೀನರಿಗೆ ವಂಶದ ಹೆಸರೇ ಇರಲಿಲ್ಲ. ರಾಬರ್ಟಿಯನ್, ವಿಡೋನಿಡ್ ಎಂಬುವು ಇತಿಹಾಸಕಾರರು ಆಮೇಲೆ ಇಟ್ಟವು. ಉತ್ತರಾಧಿಕಾರಿಯ ಅಂಕಣದ ಪಾಡೂ ಅಷ್ಟೇ. ರಾಬರ್ಟಿಯನ್ ಎಂಬ ಹೆಸರಿಗೆ ಕಾರಣನಾದ ಬಲಶಾಲಿ ರಾಬರ್ಟ್ 853ರಲ್ಲಿ ದೊರೆಯ ಪ್ರತಿನಿಧಿಯಾಗಿ ನೇಮಕಗೊಂಡಿದ್ದ. ಅವನು 866ರಲ್ಲಿ ಬ್ರಿಸಾರ್ತ್‌ನ ಕಾಳಗದಲ್ಲಿ ಮಡಿದಾಗ ಮಕ್ಕಳು ಚಿಕ್ಕವರು. ಅವನ ಅಧಿಕಾರ ಬೇರೆ ಕುಟುಂಬದ ಮಠಾಧಿಪತಿ ಹ್ಯೂನ (ಟೂರ್‌ನ ಹ್ಯೂ ಅಲ್ಲ) ಪಾಲಾಯಿತು. ರಾಬರ್ಟನ ಮಗ ಓಡೋಗೆ ಅದು ದೊರೆತದ್ದು 886ರಲ್ಲಿ, ಹ್ಯೂ ತೀರಿಕೊಂಡ ಮೇಲೆ. 888ರಲ್ಲಿ ಓಡೋ ದೊರೆಯೇ ಆದ. ಒಂದೇ ಹೆಸರು ಹಿಡಿಯುವ ಅಂಕಣದಲ್ಲಿ ಈ ಇಪ್ಪತ್ತು ವರ್ಷಗಳಿಗೆ ಜಾಗವಿಲ್ಲ. ಅದನ್ನು ತೆಗೆಸಿರೆಂದು ಬರೆದುಕೊಟ್ಟಿದ್ದೇನೆ, ತೆಗೆಸುವವರೆಗೂ ಬರೆಯುತ್ತೇನೆ.