ತೊಟ್ಟಿಯಲ್ಲೊಂದು ಜೌಗು ನೆಲ: ಅಲೆ ಪಳಗಿತು, ಉಬ್ಬರ ಪಳಗಲಿಲ್ಲ

ಗಾಜಿನ ತೊಟ್ಟಿ ಕೊನೆಗೂ ಸೋರುವುದನ್ನು ನಿಲ್ಲಿಸಿದೆ. ಹಾಗಾಗಿ ಈ ಸಲ ಸಿಲಿಕೋನ್, ಅಂಟು, ಒದ್ದೆ ನೆಲದ ಪುರಾಣವನ್ನೆಲ್ಲ ಬಿಟ್ಟು ನೀರಿನ ಬಗ್ಗೆಯೇ ಬರೆಯಬಹುದು.

ಹೊಸದಾಗಿ ಓದುವವರಿಗೆ ಎರಡು ಮಾತು. ನದಿಮುಖಜ ಭೂಮಿಯ ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇವೆಲ್ಲ ಚಂಡಮಾರುತದಿಂದ ಹಿಂದಿನ ಊರುಗಳನ್ನು ಕಾಯುತ್ತವೆ ಎಂದು ಎಲ್ಲೆಡೆ ಓದುತ್ತೇವೆ. ಹೇಗೆ ಕಾಯುತ್ತವೆ, ಎಷ್ಟು ಕಾಯುತ್ತವೆ, ಎಲ್ಲಿ ಕೈಬಿಡುತ್ತವೆ ಎನ್ನುವುದನ್ನು ಕಣ್ಣಾರೆ ನೋಡಬೇಕೆಂಬ ಹಟದಿಂದ ಶುರುವಾದ ಕೆಲಸ ಇದು. ಎರಡು ಭಾಗಗಳಿವೆ: ಎರಡೂವರೆ ಮೀಟರ್ ಉದ್ದದ ಕಿರಿದಾದ ಅಲೆ ತೊಟ್ಟಿ ಒಂದು, ನದಿ ಹೂಳು ತಂದು ನೆಲ ಕಟ್ಟುವುದನ್ನು ತೋರಿಸುವ ಅಗಲವಾದ, ಆಳವಿಲ್ಲದ ಪೆಟ್ಟಿಗೆ ಇನ್ನೊಂದು.

ಅಳತೆಯ ಲೆಕ್ಕ

ಅಲೆ ತೊಟ್ಟಿಗೆ 1:50 ಅಳತೆ ಇಟ್ಟುಕೊಂಡಿದ್ದೇನೆ. ಸಮುದ್ರದ 1 ಮೀಟರ್ ಅಲೆ ಇಲ್ಲಿ 2 ಸೆಂಟಿಮೀಟರ್. ಆದರೆ ಕಾಲವನ್ನು 50ರಿಂದ ಭಾಗಿಸುವಂತಿಲ್ಲ. ಅಲೆಯನ್ನು ನಡೆಸುವುದು ಗುರುತ್ವ. ಅದನ್ನು ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ ಕಾಲ 50ರ ವರ್ಗಮೂಲದಷ್ಟು, ಅಂದರೆ ಸುಮಾರು 7 ಪಟ್ಟು ಮಾತ್ರ ಕುಗ್ಗುತ್ತದೆ. 5 ಸೆಕೆಂಡಿಗೊಮ್ಮೆ ಬರುವ ಅಲೆ ತೊಟ್ಟಿಯಲ್ಲಿ 0.7 ಸೆಕೆಂಡಿಗೊಮ್ಮೆ ಬರಬೇಕು. 6 ಗಂಟೆ ಏರಿ ನಿಲ್ಲುವ ಬಿರುಗಾಳಿಯ ಉಬ್ಬರ ಸುಮಾರು 51 ನಿಮಿಷಕ್ಕೆ ಇಳಿಯುತ್ತದೆ. ಇದಕ್ಕೆ ಫ್ರೂಡ್ ಅಳತೆ ಎನ್ನುತ್ತಾರೆ. ಹಡಗಿನ ಮಾದರಿಗಳನ್ನು ಪರೀಕ್ಷಿಸಿದ ವಿಲಿಯಂ ಫ್ರೂಡ್ ಹತ್ತೊಂಬತ್ತನೆಯ ಶತಮಾನದಲ್ಲೇ ಹಾಕಿಕೊಟ್ಟ ದಾರಿ.

ತೊಟ್ಟಿ ಚಿಕ್ಕದಾದಷ್ಟೂ ಸುಲಭ ಎಂದುಕೊಳ್ಳಬೇಡಿ. ನೀರಿನ ಆಳ 2 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ, ಇಲ್ಲವೇ ಅಲೆ 0.35 ಸೆಕೆಂಡಿಗಿಂತ ಚುರುಕಾದರೆ ಮೇಲ್ಮೈ ಎಳೆತ ಆಟ ಶುರುಮಾಡುತ್ತದೆ. ಆಮೇಲೆ ನೋಡುತ್ತಿರುವುದು ಸಮುದ್ರದ ಅಲೆಯಲ್ಲ, ಲೋಟದ ನೀರಿನ ನಡುಕ. ಹಾಗಾಗಿ ಜೌಗಿನ ಮೇಲೆ 4 ಸೆಂಟಿಮೀಟರ್ ನೀರು ಇರುವಂತೆ ನೋಡಿಕೊಂಡಿದ್ದೇನೆ. ನಿಜದ ಲೆಕ್ಕದಲ್ಲಿ ಅದು 2 ಮೀಟರ್.

ಅಲೆ ಎಬ್ಬಿಸುವುದು ಕಾರಿನ ವೈಪರ್ ಮೋಟಾರ್. ಕೆಳಗೆ ಕೀಲು ಹಾಕಿದ ಹಲಗೆಯನ್ನು ಅದು ಹಿಂದೆ ಮುಂದೆ ತಳ್ಳುತ್ತದೆ. ಇನ್ನೊಂದು ತುದಿಯ ಗಾಜಿಗೆ ಬಡಿದ ಅಲೆ ವಾಪಸ್ ಬಂದು ಹೊಸ ಅಲೆಯ ಜೊತೆ ಬೆರೆತರೆ ಯಾವ ಅಳತೆಯೂ ನಿಲ್ಲುವುದಿಲ್ಲ. ಅದಕ್ಕೆ ಆ ತುದಿಯಲ್ಲಿ ಒರಟು ಫೋಮಿನ ಇಳಿಜಾರು ಇದೆ. ಅಲೆಯ ಎತ್ತರ ಅಳೆಯಲು ದುಬಾರಿ ಸೆನ್ಸರ್ ಏನೂ ಬೇಡ: ಗಾಜಿನ ಹಿಂದೆ ಗ್ರಾಫ್ ಹಾಳೆ, ಎದುರಿಗೆ ಸ್ಲೋ ಮೋಷನ್‌ನಲ್ಲಿ ಮೊಬೈಲ್.

ಗಿಡ ನೆಟ್ಟ ಮೇಲೆ

ಜೌಗಿಗೆ ಎರಡು ಬಗೆಯ ಗಿಡ. ಕಾಂಡ್ಲಾದ ಊರುಗೋಲು ಬೇರುಗಳಿಗೆ ಬಿದಿರು ಕಡ್ಡಿ. ಉಪ್ಪು ಜೌಗಿನ ಹುಲ್ಲಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಕಡ್ಡಿಗಳನ್ನು ತೂತು ಕೊರೆದ ಹಲಗೆಗೆ ಒಂದೊಂದಾಗಿ ಸಿಕ್ಕಿಸುವ ಕೆಲಸ ಇದೆಯಲ್ಲ, ಅದು ಬೇಡವೇ ಬೇಡ.

ಫಲಿತಾಂಶ ಮಾತ್ರ ಕಣ್ಣಿಗೆ ಹೊಡೆಯುವಂತಿತ್ತು. ಕಡ್ಡಿಗಳ ಸಾಲಿಗೆ ನುಗ್ಗಿದ ಅಲೆ ಮೊದಲ ಸ್ವಲ್ಪ ದೂರದಲ್ಲೇ ಹೆಚ್ಚಿನ ಕಸುವು ಕಳೆದುಕೊಳ್ಳುತ್ತದೆ. ಆಮೇಲಿನ ಇಳಿತ ನಿಧಾನ. ಕಾರಣ ಸರಳ: ಕಡ್ಡಿಯ ತಡೆ ನೀರಿನ ವೇಗದ ವರ್ಗದಷ್ಟು, ಅಲ್ಲಿ ಕರಗುವ ಶಕ್ತಿ ವೇಗದ ಘನದಷ್ಟು. ಜೋರಾದ ಅಲೆ ಜೋರಾಗಿ ಸೋಲುತ್ತದೆ, ಸಣ್ಣ ಅಲೆ ನುಸುಳಿಕೊಂಡು ಹೋಗುತ್ತದೆ. ಕ್ಷೇತ್ರದಲ್ಲಿ ಅಳೆದವರ ಅಂಕಿಗಳೂ ಇದೇ ಮಾತು ಹೇಳುತ್ತವೆ. 100 ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ 13ರಿಂದ 66ರವರೆಗೆ ತಗ್ಗಿಸಿದ ದಾಖಲೆಗಳಿವೆ. ಇಷ್ಟು ದೊಡ್ಡ ಅಂತರ ಯಾಕೆ ಎಂದು ಮೊದಲು ಅನ್ನಿಸುತ್ತಿತ್ತು. ಕಡ್ಡಿಗಳ ದಟ್ಟಣೆಯನ್ನೂ ನೀರಿನ ಆಳವನ್ನೂ ಬದಲಿಸಿ ನೋಡಿದ ಮೇಲೆ ಆ ಪ್ರಶ್ನೆ ಉಳಿದಿಲ್ಲ. ಬೇರಿನ ಮಟ್ಟದಲ್ಲಿ ನೀರಿದ್ದಾಗ ಅದು ಗೋಡೆ. ನೀರು ಬೇರು ದಾಟಿ ಬರಿಯ ಕಾಂಡದ ಮಟ್ಟಕ್ಕೆ ಏರಿದರೆ ಅದೇ ಕಾಡು ಜಾಲಂಧ್ರ.

ಪ್ಲಾಸ್ಟಿಕ್ ಹುಲ್ಲಿನ ನಡತೆ ಬೇರೆ. ಸಣ್ಣ ಅಲೆಗೆ ನೆಟ್ಟಗೆ ನಿಂತು ತಡೆಯುತ್ತದೆ, ದೊಡ್ಡ ಅಲೆಗೆ ಮಲಗಿಬಿಡುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿರುವ ದೈತ್ಯ ಅಲೆ ಕಾಲುವೆಯಲ್ಲಿ ನಿಜವಾದ ಜೌಗು ನೆಲವನ್ನೇ ಕಿತ್ತು ತಂದು ಜೋಡಿಸಿ ಪರೀಕ್ಷಿಸಿದ್ದರು. 2014ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಹುಲ್ಲು ಮುರಿದು ಮಲಗಿದರೂ ಕೆಳಗಿನ ಮಣ್ಣು ಹೆಚ್ಚೇನೂ ಕೊಚ್ಚಿಹೋಗಲಿಲ್ಲ. ಅಂದರೆ ಹುಲ್ಲು ಸೋತ ಮೇಲೂ ಬೇರು ಕೆಲಸ ಮಾಡುತ್ತಿತ್ತು. ನನ್ನ ಹಲಗೆಗೆ ಮಣ್ಣೂ ಇಲ್ಲ, ಬೇರೂ ಇಲ್ಲ. ಈ ಭಾಗವನ್ನು ತೊಟ್ಟಿ ಯಾವತ್ತೂ ತೋರಿಸಲಾರದು.

ಉಬ್ಬರ

ಇಲ್ಲಿ ಕಥೆ ತಿರುಗುತ್ತದೆ. ಚಂಡಮಾರುತದಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ನೀರು, ಅದರಲ್ಲೂ ಬಿರುಗಾಳಿ ತಳ್ಳಿಕೊಂಡು ಬರುವ ಉಬ್ಬರ. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಗಂಗಾ-ಬ್ರಹ್ಮಪುತ್ರಾ ಮುಖಜಭೂಮಿಯಲ್ಲಿ ಸತ್ತವರು 3 ಲಕ್ಷಕ್ಕೂ ಹೆಚ್ಚು. ಅಲ್ಲಿ ಬಂದದ್ದು ಅಲೆಯಷ್ಟೇ ಅಲ್ಲ, ಸಮುದ್ರದ ಮಟ್ಟವೇ ಮೇಲೆದ್ದು ಒಳಗೆ ಬಂತು.

ಪಂಪಿನಿಂದ ತೊಟ್ಟಿಗೆ ನಿಧಾನವಾಗಿ ನೀರು ತುಂಬಿಸಿ ಉಬ್ಬರ ಎಬ್ಬಿಸಿದೆ. ಅಲೆಯನ್ನು ಅಷ್ಟು ಚೆನ್ನಾಗಿ ತಡೆದ ಕಡ್ಡಿಗಳು ಇದಕ್ಕೆ ಏನೂ ಮಾಡಲಿಲ್ಲ. ನೀರು ಸಂದಿಗಳಲ್ಲಿ ಹರಿದು, ಹಿಂದೆ ಮುಂದೆ ಒಂದೇ ಮಟ್ಟಕ್ಕೆ ಬಂದು ನಿಂತಿತು. ತಪ್ಪು ಕಾಡಿನದಲ್ಲ, ಅಗಲದ್ದು. ಅಲೆ ಕೆಲವೇ ಸೆಕೆಂಡಿನದು, ಉಬ್ಬರ ಗಂಟೆಗಟ್ಟಲೆಯದು. ಅಷ್ಟು ಹೊತ್ತು ನೀರನ್ನು ಹಿಡಿದಿಡಬೇಕಾದರೆ ಕಿಲೋಮೀಟರ್‌ಗಟ್ಟಲೆ ಕಾಡು ಬೇಕು. ಅಗಲವಾದ ಕಾಂಡ್ಲಾ ಕಾಡುಗಳಲ್ಲಿ ಅಳೆದದ್ದು ಪ್ರತಿ ಕಿಲೋಮೀಟರಿಗೆ 5ರಿಂದ 50 ಸೆಂಟಿಮೀಟರ್ ಇಳಿಕೆ. 1 ಕಿಲೋಮೀಟರ್ ಅಂದರೆ ನನ್ನ ಅಳತೆಯಲ್ಲಿ 20 ಮೀಟರ್ ತೊಟ್ಟಿ. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಆದರೂ ಜೌಗನ್ನು ಕೈಬಿಡುವಂತಿಲ್ಲ ಎನ್ನುವುದು ಮರುದಿನದ ಪ್ರಯೋಗದಲ್ಲಿ ಗೊತ್ತಾಯಿತು. ಕಡ್ಡಿಗಳ ಹಿಂದೆ ಒದ್ದೆ ಮರಳಿನ ಒಡ್ಡು ಕಟ್ಟಿ, ಉಬ್ಬರ ಏರಿಸಿ, ಅದರ ಮೇಲೆ ಅಲೆ ಬಿಟ್ಟೆ. ಮುಂದೆ ಕಡ್ಡಿಗಳಿಲ್ಲದ ಒಡ್ಡು ಬುಡದಿಂದ ಕೊರೆದುಕೊಂಡು ಬೇಗ ಕುಸಿಯಿತು. ಕಡ್ಡಿಗಳಿರುವಾಗ ಅದೇ ಎತ್ತರದ ಒಡ್ಡು ನಿಂತಿತು. ನೀರು ಅದಕ್ಕೆ ಒತ್ತಿಕೊಂಡು ನಿಂತಿತ್ತು, ಬಡಿಯುತ್ತಿರಲಿಲ್ಲ. ಏರಿದ ನೀರನ್ನು ತಡೆಯುವುದು ಒಡ್ಡು, ಒಡ್ಡನ್ನು ಉಳಿಸುವುದು ಜೌಗು. ಇವೆರಡನ್ನು ಎದುರಾಳಿಗಳಂತೆ ನಿಲ್ಲಿಸಿ ಕಾಂಕ್ರೀಟೋ ಕಾಡೋ ಎಂದು ವಾದ ಮಾಡುವವರ ಮೇಲೆ ನನಗಂತೂ ತಾಳ್ಮೆ ಕಡಿಮೆಯಾಗಿದೆ.

ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಅಧ್ಯಯನವನ್ನು ಈ ಬೆಳಕಿನಲ್ಲಿ ಮತ್ತೆ ಓದಿದೆ. 1999ರ ಸೂಪರ್ ಸೈಕ್ಲೋನ್‌ನಲ್ಲಿ, ಸಮುದ್ರಕ್ಕೂ ತಮಗೂ ನಡುವೆ ಹೆಚ್ಚು ಅಗಲದ ಕಾಂಡ್ಲಾ ಕಾಡು ಉಳಿಸಿಕೊಂಡಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆ ಎಂದು 2009ರಲ್ಲಿ ಪ್ರಕಟವಾದ ಆ ಕೆಲಸ ಲೆಕ್ಕ ಹಾಕಿತ್ತು. ಜೊತೆಗೆ ಅದೇ ಅಧ್ಯಯನ, ಕಾಡಿಗಿಂತ ಹೆಚ್ಚು ಜೀವ ಉಳಿಸಿದ್ದು ಮುನ್ನೆಚ್ಚರಿಕೆ ಎಂದೂ ಹೇಳುತ್ತದೆ. ಈ ಎರಡನೆಯ ಮಾತನ್ನು ಉಲ್ಲೇಖಿಸುವವರು ಕಡಿಮೆ.

ಇನ್ನೊಂದು ಪ್ರಯೋಗ: ಕಡ್ಡಿಗಳ ನಡುವೆ ನೇರವಾದ ಒಂದು ಕಾಲುವೆ ಬಿಟ್ಟು ನೋಡಿದೆ. ನೀರು ಕಾಡನ್ನು ಮರೆತು ಆ ದಾರಿ ಹಿಡಿಯಿತು. ಅಮೆರಿಕದ ಲೂಸಿಯಾನಾದಲ್ಲಿ ಹಡಗುಗಳಿಗಾಗಿ ಜೌಗನ್ನು ಸೀಳಿ ತೆಗೆದ ಮಿಸಿಸಿಪ್ಪಿ ರಿವರ್ ಗಲ್ಫ್ ಔಟ್‌ಲೆಟ್ ನೆನಪಾಗದೇ ಇರುವುದಿಲ್ಲ. ಆ ಕಾಲುವೆಯೊಳಗೆ ಉಪ್ಪುನೀರು ನುಗ್ಗಿ ಸೈಪ್ರೆಸ್ ಮರಗಳ ಜೌಗು ಕಾಡು ಸತ್ತುಹೋಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಆ ಮರಗಳ ಆಸರೆ ಇರಲಿಲ್ಲ. 2009ರಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿ ಕಾಲುವೆ ಮುಚ್ಚಿದರು.

ಹೂಳಿನ ಪೆಟ್ಟಿಗೆ

ಸದ್ಯ ಹೆಚ್ಚು ಸಮಯ ತಿನ್ನುತ್ತಿರುವುದು ಇದು. ಹೆಚ್ಚು ಖುಷಿ ಕೊಡುತ್ತಿರುವುದೂ ಇದೇ.

ಮೊದಲ ಸಮಸ್ಯೆ ಮಣ್ಣು. ಮರಳನ್ನು ಅಳತೆಗೆ ತಕ್ಕಂತೆ ನುಣ್ಣಗೆ ಮಾಡುತ್ತ ಹೋದರೆ ಅದು ಜೇಡಿಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮರಳಿನ ಗುಣವೇ ಹೋಗುತ್ತದೆ. ಹಾಗಾಗಿ ದೊಡ್ಡ ಪ್ರಯೋಗಾಲಯಗಳೂ ಕಾಳನ್ನು ಸಣ್ಣದು ಮಾಡುವ ಬದಲು ಹಗುರ ಮಾಡುತ್ತವೆ. ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ನದಿ ಅಧ್ಯಯನ ಕೇಂದ್ರದಲ್ಲಿ ಮಿಸಿಸಿಪ್ಪಿಯ ಕೆಳಹರಿವಿನ ಮಾದರಿ ಇದೆ: 90 ಅಡಿಗೆ 120 ಅಡಿ. ಅಡ್ಡಕ್ಕೆ 1:6000, ಎತ್ತರಕ್ಕೆ 1:400; ಹೂಳಿನ ಬದಲು ಹಗುರವಾದ ಪ್ಲಾಸ್ಟಿಕ್ ಕಾಳು. ನದಿಯ ಒಂದು ವರ್ಷ ಅಲ್ಲಿ ಸುಮಾರು ಒಂದು ಗಂಟೆಯಲ್ಲಿ ಕಳೆಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಇರುವುದು ಪುಡಿಮಾಡಿದ ಅಕ್ರೋಟಿನ ಚಿಪ್ಪು. ನೀರಿಗಿಂತ ಸ್ವಲ್ಪವೇ ಭಾರ, ಚೆನ್ನಾಗಿ ತೇಲಿ ಚೆನ್ನಾಗಿ ಕೂರುತ್ತದೆ. ನೆನೆಸದೆ ಹಾಕಿದರೆ ಮಾತ್ರ ಮೇಲೇ ತೇಲಾಡುತ್ತದೆ.

ನೀರು ಬಿಟ್ಟರೆ ನೋಡುತ್ತ ಕೂರಬಹುದು. ಹೂಳು ನದಿಬಾಯಿಯಲ್ಲಿ ಕೂತು ನಾಲಗೆ ಚಾಚುತ್ತದೆ, ನದಿ ಉದ್ದವಾಗುತ್ತದೆ, ಇಳಿಜಾರು ಕಡಿಮೆಯಾಗುತ್ತದೆ, ಒಂದು ಹೊತ್ತಿನಲ್ಲಿ ನೀರು ಬದಿಗೆ ಒಡೆದು ಹೊಸ ಹತ್ತಿರದ ದಾರಿ ಹಿಡಿಯುತ್ತದೆ. ಹಳೆಯ ನಾಲಗೆ ಅನಾಥ. ಮಿಸಿಸಿಪ್ಪಿ ಸಾವಿರ, ಸಾವಿರದೈನೂರು ವರ್ಷಕ್ಕೊಮ್ಮೆ ಇದನ್ನೇ ಮಾಡುತ್ತ ಬಂದಿದೆ.

ಆಮೇಲೆ ನದಿಯ ಎರಡೂ ಬದಿಗೆ ಉದ್ದಕ್ಕೂ ತಗಡಿನ ಪಟ್ಟಿ ನಿಲ್ಲಿಸಿದೆ. ಹೂಳೆಲ್ಲ ನೇರವಾಗಿ ಆಳದ ನೀರಿಗೆ ಬಿತ್ತು. ಬದಿಯ ನೆಲಕ್ಕೆ ಒಂದು ಕಾಳೂ ಇಲ್ಲ. ಮುಖಜಭೂಮಿಯ ನೆಲ ತನ್ನ ತೂಕಕ್ಕೆ ತಾನೇ ಕುಗ್ಗುತ್ತ ಇಳಿಯುವಂಥದ್ದು. ವರ್ಷವರ್ಷ ಹೂಳು ಸಿಕ್ಕರಷ್ಟೇ ಅದರ ಲೆಕ್ಕ ಸರಿದೂಗುತ್ತದೆ. 1927ರ ಮಹಾಪ್ರವಾಹದ ನಂತರ ಮಿಸಿಸಿಪ್ಪಿಯನ್ನು ಒಡ್ಡುಗಳೊಳಗೆ ಬಿಗಿದರು. ಊರುಗಳು ಪ್ರವಾಹದಿಂದ ಉಳಿದವು. ಆದರೆ ಹೂಳು ನಿಂತಿತು, ತೈಲ ಕಂಪನಿಗಳ ಕಾಲುವೆಗಳು ಸೇರಿಕೊಂಡವು, ಸಮುದ್ರ ಏರಿತು. 1930ರ ದಶಕದಿಂದ ಲೂಸಿಯಾನಾ ಕಳೆದುಕೊಂಡ ಕರಾವಳಿ ನೆಲ ಸುಮಾರು 5,000 ಚದರ ಕಿಲೋಮೀಟರ್.

ಬಾಂಗ್ಲಾದೇಶದಲ್ಲಿ ಇದೇ ಪಾಠ ಉಂಗುರದ ರೂಪದಲ್ಲಿದೆ. 1960ರ ದಶಕದಿಂದ ದ್ವೀಪಗಳ ಸುತ್ತ ಒಡ್ಡು ಕಟ್ಟಿ ಪೋಲ್ಡರ್ ಮಾಡಿದರು. ಉಪ್ಪುನೀರು ಹೊರಗುಳಿಯಿತು, ಭತ್ತ ಬೆಳೆಯಿತು, ಹೂಳೂ ಹೊರಗೇ ಉಳಿಯಿತು. ಪೋಲ್ಡರ್ 32ರ ಒಳನೆಲ ಹೊರಗಿನ ಸಹಜ ನೆಲಕ್ಕಿಂತ 1ರಿಂದ 1.5 ಮೀಟರ್ ತಗ್ಗಿಗೆ ಹೋಗಿದ್ದನ್ನು ಅಳೆದಿದ್ದಾರೆ. 2009ರಲ್ಲಿ ಐಲಾ ಚಂಡಮಾರುತ ಒಡ್ಡು ಒಡೆದಾಗ ತಗ್ಗಿಗೆ ಬಂದ ನೀರು ಪೂರ್ತಿ ಬಸಿದುಹೋಗಲಿಲ್ಲ. ಎರಡು ವರ್ಷದಷ್ಟು ಕಾಲ ಉಬ್ಬರವಿಳಿತ ಅಂಗಳದೊಳಗೇ ಆಡಿತು. ಆ ಎರಡು ವರ್ಷದಲ್ಲಿ ಕೆಲವೆಡೆ ಹತ್ತಾರು ಸೆಂಟಿಮೀಟರ್ ಹೊಸ ಹೂಳು ಕೂತಿತು ಎನ್ನುವುದು ಇನ್ನೂ ವಿಚಿತ್ರ. ನೈಋತ್ಯ ಬಾಂಗ್ಲಾದೇಶದ ರೈತರಿಗೆ ಇದು ಮೊದಲೇ ಗೊತ್ತಿತ್ತು. 1997ರಲ್ಲಿ ಭೈನಾ ಬೀಲ್ ಎಂಬ ತಗ್ಗು ಜೌಗಿನಲ್ಲಿ ಜನ ತಾವೇ ಒಡ್ಡು ಕಡಿದು, ಉಬ್ಬರದ ನೀರನ್ನು ತಗ್ಗಿಗೆ ಬಿಟ್ಟುಕೊಂಡು, ಹೂಳು ಕೂರಿಸಿ ನೆಲ ಎತ್ತರಿಸಿಕೊಂಡಿದ್ದರು. ಎಂಜಿನಿಯರುಗಳು ಆಮೇಲೆ ಅದಕ್ಕೊಂದು ಹೆಸರಿಟ್ಟು ಯೋಜನೆ ಮಾಡಿದರು.

ಪೆಟ್ಟಿಗೆಯಲ್ಲೂ ತಗಡಿಗೆ ಒಂದು ಕಿಂಡಿ ಕೊರೆದೆ. ಬದಿಯ ತಗ್ಗಿನಲ್ಲಿ ಬೀಸಣಿಗೆಯ ಹಾಗೆ ಪುಟ್ಟ ನೆಲ ಹುಟ್ಟಿತು. ಲೂಸಿಯಾನಾದ ವ್ಯಾಕ್ಸ್ ಲೇಕ್ ಔಟ್‌ಲೆಟ್ ಇದಕ್ಕೆ ಜೀವಂತ ಸಾಕ್ಷಿ. 1940ರ ದಶಕದ ಆರಂಭದಲ್ಲಿ ಪ್ರವಾಹ ತಗ್ಗಿಸಲೆಂದು ತೋಡಿದ ಕಾಲುವೆ ಅದು. ನೆಲ ಕಟ್ಟುವ ಉದ್ದೇಶ ಯಾರಿಗೂ ಇರಲಿಲ್ಲ. 1973ರ ಪ್ರವಾಹದ ನಂತರ ಅದರ ಬಾಯಲ್ಲಿ ನೀರಿನ ಮೇಲೆ ತಲೆ ಎತ್ತಿದ ಮುಖಜಭೂಮಿ ಇವತ್ತಿಗೂ ಬೆಳೆಯುತ್ತಿದೆ.

ಹಾಗಿದ್ದರೆ ಎಲ್ಲೆಡೆ ಕಿಂಡಿ ಕೊರೆದರಾಯಿತಲ್ಲ ಎನ್ನಬಹುದು. ಅದೇ ಉದ್ದೇಶದ, ಲೂಸಿಯಾನಾದ ಮಿಡ್-ಬ್ಯಾರಟೇರಿಯಾ ಯೋಜನೆಗೆ 2023ರಲ್ಲಿ ಭೂಮಿಪೂಜೆಯಾಯಿತು, ಸುಮಾರು 3 ಶತಕೋಟಿ ಡಾಲರಿನ ಕೆಲಸ; 2025ರಲ್ಲಿ ರಾಜ್ಯ ಸರ್ಕಾರವೇ ಕೈಬಿಟ್ಟಿತು. ವೆಚ್ಚ ಒಂದು ಕಾರಣ. ನದಿಯ ಸಿಹಿನೀರು ನುಗ್ಗಿದರೆ ಸಿಂಪಿ, ಸೀಗಡಿ ಹಾಳಾಗುತ್ತವೆ ಎಂದು ಮೀನುಗಾರರು ಮೊದಲಿನಿಂದಲೂ ವಿರೋಧಿಸಿದ್ದರು. ಐವತ್ತು ವರ್ಷದಾಚೆ ನೆಲ ಸಿಗುತ್ತದೆ ಎಂದು ಈ ವರ್ಷದ ದುಡಿಮೆ ಬಿಡಿ ಎಂದರೆ ಯಾರು ಕೇಳುತ್ತಾರೆ? ನನ್ನ ಒಲವು ಕಿಂಡಿಯ ಕಡೆಗೇ. ಆದರೆ ಅವರ ಲೆಕ್ಕವನ್ನು ಅಜ್ಞಾನ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಅದಕ್ಕೇ ಮುಂದಿನ ಹಂತದಲ್ಲಿ ಪೆಟ್ಟಿಗೆಯ ಸಮುದ್ರದ ಭಾಗಕ್ಕೆ ಬಣ್ಣ ಹಾಕಿದ ಉಪ್ಪುನೀರು ತುಂಬಿಸುತ್ತೇನೆ. ಕಿಂಡಿ ತೆರೆದಾಗ ಸಿಹಿನೀರು ಎಷ್ಟು ದೂರ ಹೋಗುತ್ತದೆ, ಮುಚ್ಚಿದಾಗ ಉಪ್ಪು ಎಷ್ಟು ಬೇಗ ಮರಳುತ್ತದೆ ಎಂಬುದು ಮೇಲಿನಿಂದ ತೆಗೆದ ವಿಡಿಯೊದಲ್ಲಿ ಕಾಣಬೇಕು. ಪ್ರವಾಹದ ಹೊತ್ತಿನಲ್ಲಷ್ಟೇ ಕೆಲಕಾಲ ತೆರೆದು ಮುಚ್ಚಿದರೆ ಹೂಳಿನ ಬಹುಪಾಲು ಸಿಕ್ಕೀತೇ ಎನ್ನುವುದು ನೋಡಬೇಕಾದದ್ದು. ಕಿಂಡಿಗೆ ಬಾಗಿಲು ಮಾಡಿಯಾಗಿದೆ. ಅದನ್ನು ಎತ್ತಿ ಇಳಿಸಲು ಸಣ್ಣ ಸರ್ವೋ ಮೋಟಾರ್ ಜೋಡಿಸುವುದು ಬಾಕಿ.