ಆ ಬೂಟಿ ಯಾವುದರ ಸಂಕೇತ?

ಪಂಜಾಬಿ ಕತೆಗಾರ್ತಿಯರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅಮೃತಾ ಪ್ರೀತಮ್ ಅವರ 'ಜಂಗ್ಲೀ ಬೂಟಿ' ಕತೆಯಲ್ಲಿ ಬರುವ ಕಾಡುಮೂಲಿಕೆ ಯಾವುದರ ಸಂಕೇತ, ಕಾಮದ್ದೋ ಬಂಡಾಯದ್ದೋ? ಎರಡರಲ್ಲಿ ಒಂದನ್ನು ಹೇಳಿಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಕತೆ ಕೈತಪ್ಪಿ ಹೋಗುತ್ತದೆ. 1981ರಲ್ಲಿ ಜ್ಞಾನಪೀಠ ಪಡೆದ ಅಮೃತಾ (1919–2005) ನಮ್ಮಲ್ಲಿ ಕವಿಯೆಂದೇ ಹೆಚ್ಚು ಪರಿಚಿತರು. ಸಣ್ಣಕತೆಗಳಲ್ಲಿ ಅವರು ಎಷ್ಟು ಬಿಗಿಯಾಗಿ ಬರೆಯುತ್ತಾರೆಂಬುದಕ್ಕೆ ಈ ಬೂಟಿಯೇ ಸಾಕ್ಷಿ.

ಕತೆಯ ಅಂಗೂರಿ, ವಯಸ್ಸಾದ ಮನೆಯಾಳು ಪ್ರಭಾತಿಯ ಎರಡನೆಯ ಹೆಂಡತಿ. ಗಂಡಸು ಪಾನಿನಲ್ಲೋ ಮಿಠಾಯಿಯಲ್ಲೋ ಬೂಟಿ ಬೆರೆಸಿ ತಿನ್ನಿಸಿದರೆ ಮಾತ್ರ ಹೆಣ್ಣು ಅವನಿಗೆ ಮನಸೋಲುತ್ತಾಳೆಂದು ಅವಳು ಗಟ್ಟಿಯಾಗಿ ನಂಬಿದ್ದಾಳೆ. 'ಯಾರೋ ಮದ್ದು ಹಾಕಿದ್ದಾರೆ' ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ತಾನಾಗಿ ಪ್ರೀತಿಸುವುದು ಪಾಪವೆಂದು ಕಲಿಸಿದ ಊರಿನಲ್ಲಿ, ತಪ್ಪನ್ನು ಬೂಟಿಯ ಮೇಲೆ ಹೊರಿಸಿದರೆ ಪಾಪ ಅರ್ಧಕ್ಕರ್ಧ ಇಳಿಯುತ್ತದೆ. ಕೊನೆಯಲ್ಲಿ, ಕಾವಲುಗಾರ ರಾಮತಾರಾ ಕಾಣದೆ ಕಂಗೆಟ್ಟ ಅಂಗೂರಿ, ಅವನ ಕೈಯಿಂದ ಮಿಠಾಯಿಯನ್ನಾಗಲಿ ಪಾನನ್ನಾಗಲಿ ಎಂದೂ ತಿಂದಿಲ್ಲವೆಂದು ಆಣೆಯಿಟ್ಟು ಅಳುತ್ತಾಳೆ. ಕುಡಿದದ್ದು ಬರೀ ಚಹಾ. ಅದರಲ್ಲೇ ಏನಾದರೂ ಬೆರೆಸಿದ್ದನೋ ಏನೋ! ಬೂಟಿಯಿಲ್ಲದೆಯೂ ಹೀಗಾಗಬಹುದೆಂದು ಒಪ್ಪಿಕೊಳ್ಳಲು ಅವಳಲ್ಲಿ ಮಾತೇ ಇಲ್ಲ. ಹೀಗಾಗಿ ಈ ಸಂಕೇತ ಲೇಖಕಿ ಹೊರಗಿನಿಂದ ತಂದು ಅಂಟಿಸಿದ್ದೆಂದು ನನಗೆ ಅನ್ನಿಸುವುದಿಲ್ಲ. ತನ್ನ ಆಸೆಯನ್ನು ತನಗೇ ಹೇಳಿಕೊಳ್ಳಲು ಅಂಗೂರಿಗೆ ಸಿಕ್ಕಿದ್ದು ಅದೊಂದೇ ಪದ.

ಆದ್ದರಿಂದ ವಸ್ತುವಿನ ಅರ್ಥ ಹುಡುಕುವ ಮೊದಲು ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ನೋಡಿ ಎನ್ನುತ್ತೇನೆ. ಅಮೃತಾ ಅವರದೇ 'ಶಾಹ್ ದೀ ಕಂಜರೀ' (ಸಾಹುಕಾರನ ವೇಶ್ಯೆ) ಕತೆಯಲ್ಲಿ ಇದು ಇನ್ನೂ ನಿಚ್ಚಳವಾಗಿದೆ. ಮಗನ ಮದುವೆಯ ಸಂಭ್ರಮದಲ್ಲಿ ಶಾಹನ ಹೆಂಡತಿ, ಗಂಡ ಇಟ್ಟುಕೊಂಡ ಹಾಡುಗಾರ್ತಿಗೆ ತಾನೇ ನೂರು ರೂಪಾಯಿಯ ನೋಟು ಚಾಚುತ್ತಾಳೆ. ಆಕೆ ಹಿಂಜರಿದಾಗ, ಶಾಹನಿಂದ ದಿನವೂ ತೆಗೆದುಕೊಳ್ಳುವವಳು ನನ್ನಿಂದ ಮತ್ತೆ ಯಾವಾಗ ತೆಗೆದುಕೊಳ್ಳುತ್ತೀ ಎಂದು ಒತ್ತಾಯಿಸುತ್ತಾಳೆ. ಅದೇ ನೋಟು ಶಾಹನ ಕೈಯಿಂದ ಬಂದಿದ್ದರೆ ಬರೀ ಹಣ. ಮನೆಯ ಯಜಮಾನಿಯ ಕೈಯಿಂದ ಬಂದದ್ದೇ ತಡ, ಅಷ್ಟು ಹೊತ್ತು ಇಡೀ ಕೋಣೆಯನ್ನು ತನ್ನ ದನಿಯಿಂದ ಆಳಿದವಳು ಒಮ್ಮೆಲೇ ಚಿಕ್ಕವಳಾಗಿಬಿಡುತ್ತಾಳೆ.